ಸೊಂಟದ ಕೀಲು ಮತ್ತು ಭುಜದ ನೋವಿಗೆ ಸಪೋರ್ಟ್ ಪಟ್ಟಿ: ಆರಿಸುವುದು, ಕಟ್ಟುವುದು, ಬಿಚ್ಚುವುದು

ಮೊಣಕಾಲಿಗೋ ಮಣಿಕಟ್ಟಿಗೋ ಪಟ್ಟಿ ಹಾಕುವುದು ಸುಲಭ. ಸುತ್ತಲೂ ಒಂದೇ ಸಮ ಸುತ್ತಿದರೆ ಮುಗಿಯಿತು. ಸೊಂಟದ ಕೀಲು (ತೊಡೆ ಮುಂಡಕ್ಕೆ ಸೇರುವ ಜಾಗ) ಮತ್ತು ಭುಜ ಹಾಗಲ್ಲ. ಎರಡೂ ಎಲ್ಲ ದಿಕ್ಕಿಗೂ ತಿರುಗುವ ಕೀಲುಗಳು, ಎರಡಕ್ಕೂ ಒಂದು ಬದಿ ದೇಹಕ್ಕೇ ಅಂಟಿಕೊಂಡಿದೆ. ಪಟ್ಟಿ ಅಲ್ಲಿ ಜಾರದೆ ನಿಲ್ಲಬೇಕಾದರೆ ಅದಕ್ಕೆ ಇನ್ನೊಂದು ಕಡೆ ಆಸರೆ ಬೇಕು. ಸೊಂಟದ ಕೀಲಿಗಾದರೆ ನಡುವನ್ನು ಬಳಸಿ ಬರುವ ಸುತ್ತು, ಭುಜಕ್ಕಾದರೆ ಎದೆ ಮತ್ತು ಬೆನ್ನು ದಾಟಿ ಇನ್ನೊಂದು ಕಂಕುಳಿನ ಅಡಿಯಿಂದ ಬರುವ ಸುತ್ತು. ಅಂಗಡಿಯಲ್ಲಿ ಸಿಗುವ ಯಾವ ಮಾದರಿಯೇ ಆಗಲಿ, ಈ ಎರಡನೇ ಆಸರೆ ಸರಿಯಿಲ್ಲದಿದ್ದರೆ ಅರ್ಧ ಗಂಟೆಯಲ್ಲಿ ಕೆಳಗಿಳಿದು ಸುರುಳಿಯಾಗುತ್ತದೆ.

ಪಟ್ಟಿಯಿಂದ ಏನನ್ನು ನಿರೀಕ್ಷಿಸಬಹುದು ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇವೆ. ಸೊಂಟದ ಕೀಲು ದಪ್ಪ ಸ್ನಾಯುಗಳ ಒಳಗೆ ಆಳದಲ್ಲಿದೆ. ಬಟ್ಟೆಯ ಪಟ್ಟಿ ಆ ಮೂಳೆಯನ್ನು ಹಿಡಿದು ನಿಲ್ಲಿಸಲಾರದು, ಸವೆದ ಮೃದ್ವಸ್ಥಿಯನ್ನು (ಕೀಲಿನಲ್ಲಿ ಮೂಳೆತುದಿಯ ನುಣುಪು ಹೊದಿಕೆ) ಬೆಳೆಸಲಾರದು. ಅದು ಮಾಡುವುದು ಇಷ್ಟು: ಸ್ನಾಯುಗಳನ್ನು ಹಗುರವಾಗಿ ಒತ್ತಿ ಹಿಡಿಯುತ್ತದೆ, ಬೆಚ್ಚಗಿಡುತ್ತದೆ, ನೋವು ಬರುವ ಕೊನೆಯ ಹಂತದವರೆಗೆ ಕೈಕಾಲು ಹೋಗದಂತೆ ಸ್ವಲ್ಪ ತಡೆಯುತ್ತದೆ, ಕೀಲು ಎಲ್ಲಿದೆ ಹೇಗಿದೆ ಎಂದು ಚರ್ಮದ ಮೂಲಕ ಮೆದುಳಿಗೆ ನೆನಪಿಸುತ್ತಿರುತ್ತದೆ. ಈ ಸಣ್ಣ ಸಹಾಯದಿಂದ ನೋವು ಕಡಿಮೆಯಾಗಿ ನೀವು ನಡೆಯುವಂತಾದರೆ, ವ್ಯಾಯಾಮ ಮಾಡುವಂತಾದರೆ ಪಟ್ಟಿ ತನ್ನ ಕೆಲಸ ಮಾಡಿದಂತೆ. ಕಟ್ಟಿಕೊಂಡು ಮಲಗಿಯೇ ಇದ್ದರೆ ಸ್ನಾಯು ಸೊರಗಿ ನೋವು ಹೆಚ್ಚುತ್ತದೆ.

ಮೊದಲು ಇವು ಇಲ್ಲವೆಂದು ಖಚಿತಪಡಿಸಿಕೊಳ್ಳಿ

ಬಿದ್ದ ಮೇಲೆ ಕಾಲ ಮೇಲೆ ಭಾರ ಹಾಕಲಾಗದಿದ್ದರೆ, ಅಥವಾ ಆ ಕಾಲು ಗಿಡ್ಡವಾದಂತೆ ಕಂಡು ಪಾದ ಹೊರಕ್ಕೆ ತಿರುಗಿಕೊಂಡಿದ್ದರೆ, ಪಟ್ಟಿ ಮುಟ್ಟಬೇಡಿ. ಅದು ತೊಡೆಮೂಳೆಯ ಮೇಲ್ತುದಿ ಮುರಿದ ಲಕ್ಷಣ. ಭುಜದ ಆಕಾರ ಬದಲಾಗಿ ಚೌಕಾಕಾರವಾಗಿ ಕಂಡರೆ ಕೀಲು ಜಾರಿರಬಹುದು. ಬಿದ್ದ ನಂತರ ತೋಳು ಇದ್ದಕ್ಕಿದ್ದಂತೆ ಮೇಲೇಳದಿದ್ದರೆ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಸೇರಿಸುವ ಹುರಿ) ಹರಿದಿರಬಹುದು. ಜ್ವರದ ಜತೆ ಕೀಲು ಕೆಂಪಾಗಿ ಬಿಸಿಯಾಗಿದ್ದರೆ ಸೋಂಕಿನ ಅನುಮಾನ. ಇವೆಲ್ಲ ಅದೇ ದಿನ ವೈದ್ಯರು ನೋಡಬೇಕಾದವು.

ಭುಜದ ನೋವಿನ ಜತೆ ಎದೆ ಬಿಗಿತ, ಬೆವರು, ಉಸಿರುಗಟ್ಟುವಿಕೆ ಇದ್ದರೆ ಅದನ್ನು ಹೃದಯದ ತೊಂದರೆ ಎಂದೇ ಭಾವಿಸಿ ತುರ್ತು ಚಿಕಿತ್ಸೆಗೆ ಹೋಗಿ. ಮಗು ಅಥವಾ ಹದಿಹರೆಯದವರು ತೊಡೆಸಂದು ನೋವೆಂದು ಕುಂಟುತ್ತಿದ್ದರೆ ಎಕ್ಸ್‌ರೇ ಆಗುವವರೆಗೆ ಯಾವ ಪಟ್ಟಿಯೂ ಬೇಡ.

ಮಧುಮೇಹದಿಂದ ಸ್ಪರ್ಶ ಕಡಿಮೆಯಾದವರು, ಕಾಲಿನ ರಕ್ತನಾಳ ಕಿರಿದಾದವರು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದವರು, ಸ್ತನ ಶಸ್ತ್ರಚಿಕಿತ್ಸೆಯಲ್ಲಿ ಕಂಕುಳಿನ ಗ್ರಂಥಿ ತೆಗೆಸಿಕೊಂಡವರು ವೈದ್ಯರನ್ನು ಕೇಳದೆ ಬಿಗಿ ಪಟ್ಟಿ ಕಟ್ಟಬಾರದು. ಪೇಸ್‌ಮೇಕರ್ ಇರುವವರು ಅಯಸ್ಕಾಂತ ಹೊಲಿದ ಪಟ್ಟಿಗಳನ್ನು ಭುಜದ ಬಳಿ ತರಲೇಬಾರದು. ಅಷ್ಟಕ್ಕೂ ಆ ಅಯಸ್ಕಾಂತದಿಂದ ಪಟ್ಟಿಯ ಕೆಲಸ ಹೆಚ್ಚೇನೂ ಸುಧಾರಿಸುವುದಿಲ್ಲ.

ನೋವು ನಿಖರವಾಗಿ ಎಲ್ಲಿದೆ?

ಕನ್ನಡಿ ಮುಂದೆ ನಿಂತು ಒಂದೇ ಬೆರಳಿನಿಂದ ನೋವಿನ ಜಾಗ ತೋರಿಸಿ. ಇದೊಂದು ನಿಮಿಷದ ಕೆಲಸ, ಆದರೆ ಯಾವ ಪಟ್ಟಿ ಬೇಕೆಂಬುದು ಇಲ್ಲೇ ತೀರ್ಮಾನವಾಗುತ್ತದೆ.

ಬೆರಳು ತೊಡೆಸಂದಿಗೆ ಹೋದರೆ ನೋವು ಸೊಂಟದ ಕೀಲಿನೊಳಗಿನದು ಅಥವಾ ತೊಡೆಯ ಒಳಭಾಗದ ಸ್ನಾಯುವಿನದು. ಆಟದಲ್ಲಿ ಕಾಲು ಚಾಚಿ ಎಳೆತ ಬಂದ ಮೇಲೆ ಶುರುವಾದದ್ದು ಸ್ನಾಯುವಿನದೇ ಇರಬೇಕು. ನಡುವಯಸ್ಸು ದಾಟಿದವರಿಗೆ ಮೆಲ್ಲಗೆ ಶುರುವಾಗಿ, ಕಾಲುಚೀಲ ಹಾಕಲು ಬಾಗಿದಾಗ ಬಿಗಿ ಹಿಡಿಯುವುದು ಕೀಲಿನ ಸವೆತ ಇರಬಹುದು. ಎರಡಕ್ಕೂ ತೊಡೆ ಮತ್ತು ನಡು ಎರಡನ್ನೂ ಹಿಡಿಯುವ ಪಟ್ಟಿ ಹೊಂದುತ್ತದೆ.

ಬೆರಳು ತೊಡೆಯ ಹೊರಬದಿಯಲ್ಲಿ ಕೈಗೆ ಸಿಗುವ ಗುಬುಟು ಮೂಳೆಯ ಮೇಲೆ ನಿಂತರೆ, ಆ ಬದಿಗೆ ಮಲಗಿದಾಗ ನೋವು ಎಬ್ಬಿಸಿದರೆ, ಅದು ಪೃಷ್ಠದ ಸ್ನಾಯುರಜ್ಜಿನ ತೊಂದರೆ. ಇಲ್ಲಿ ಬಹಳ ಜನ ಎಡವುತ್ತಾರೆ. ರಜ್ಜು ಆ ಮೂಳೆಗೆ ಒತ್ತಿಕೊಂಡಷ್ಟೂ ಈ ನೋವು ಹೆಚ್ಚುತ್ತದೆ, ಹಾಗಿರುವಾಗ ನೋವಿರುವ ಕಡೆಯೇ ಬಿಗಿಯಾಗಿ ಕಟ್ಟಿದರೆ ನಾವೇ ಇನ್ನಷ್ಟು ಒತ್ತಿದಂತೆ. ಪಟ್ಟಿ ಬಳಸುವುದಾದರೆ ಗುಬುಟಿನ ಮೇಲ್ಗಡೆಯೂ ಕೆಳಗಡೆಯೂ ಹಿಡಿತವಿದ್ದು, ಗುಬುಟನ್ನು ಮುಚ್ಚುವ ಕಡೆ ಮಾತ್ರ ಬಟ್ಟೆ ಸಡಿಲವಾಗಿ ಹಾದುಹೋಗಬೇಕು. ಇಂಥವರಿಗೆ ಪಟ್ಟಿಗಿಂತ ಹೆಚ್ಚು ಫಲ ಕೊಡುವುದು ಮೂರು ಬದಲಾವಣೆ: ಕಾಲ ಮೇಲೆ ಕಾಲು ಹಾಕಿ ಕೂರದಿರುವುದು, ಒಂದೇ ಕಾಲ ಮೇಲೆ ಭಾರ ಹಾಕಿ ಸೊಂಟ ಓರೆ ಮಾಡಿ ನಿಲ್ಲದಿರುವುದು, ನೋವಿಲ್ಲದ ಬದಿಗೆ ಮಲಗಿ ಮಂಡಿಗಳ ನಡುವೆ ದಪ್ಪ ದಿಂಬು ಇಡುವುದು.

ಬೆರಳು ಹಿಂಬದಿಯಲ್ಲಿ, ಬೆನ್ನಿನ ಬುಡದ ಎರಡು ಗುಳಿಗಳಲ್ಲಿ ಒಂದರ ಮೇಲೆ ನಿಂತರೆ ಬೇಕಾದದ್ದು ತೊಡೆಪಟ್ಟಿಯಲ್ಲ, 5ರಿಂದ 8 ಸೆಂ.ಮೀ. ಅಗಲದ ಶ್ರೋಣಿ ಬೆಲ್ಟ್, ಅಂದರೆ ಸೊಂಟದ ಮೂಳೆಗಳ ಸುತ್ತ ಕಟ್ಟುವ ಪೆಲ್ವಿಕ್ ಬೆಲ್ಟ್. ಗರ್ಭಿಣಿಯರಿಗೂ ಹೆರಿಗೆಯಾದವರಿಗೂ ಈ ನೋವು ಸಾಮಾನ್ಯ. ಬೆಲ್ಟನ್ನು ಹೊಟ್ಟೆಯ ಮಟ್ಟದಲ್ಲಿ ಕಟ್ಟುವುದೇ ಇಲ್ಲಿ ಆಗುವ ತಪ್ಪು. ಮುಂದೆ ಕೈಗೆ ಸಿಗುವ ಸೊಂಟದ ಮೂಳೆಯ ಎರಡು ತುದಿಗಳಿಗಿಂತ ಕೆಳಗೆ, ಹೊರಬದಿಯ ಗುಬುಟಿಗಿಂತ ತುಸು ಮೇಲೆ ಅದು ಕೂರಬೇಕು. ಉಪಯೋಗವಾಗುತ್ತದೋ ಇಲ್ಲವೋ ತಿಳಿಯಲು ಅಂಗಾತ ಮಲಗಿ ಮಂಡಿ ಮಡಿಸದೆ ಒಂದು ಕಾಲನ್ನು 20 ಸೆಂ.ಮೀ. ಎತ್ತಿ. ಬೆಲ್ಟ್ ಇಲ್ಲದೆ ಕಾಲು ಭಾರವೆನಿಸಿ, ಬೆಲ್ಟ್ ಹಾಕಿದಾಗ ಹಗುರವಾಗಿ ಎದ್ದರೆ ಅದು ನಿಮಗೆ ಕೆಲಸ ಮಾಡುತ್ತದೆ. ವ್ಯತ್ಯಾಸವೇ ಇಲ್ಲದಿದ್ದರೆ ಹಣ ಹಾಕಬೇಡಿ.

ತೊಡೆ–ನಡು ಪಟ್ಟಿ: ಅಳತೆ

ಸಿದ್ಧ ಪಟ್ಟಿ ಕೊಳ್ಳುವುದಾದರೆ ಎರಡು ಅಳತೆ ಬೇಕು. ಒಂದು ನಡುವಿನ ಸುತ್ತಳತೆ, ಪ್ಯಾಂಟಿನ ಸೈಜ್ ಅಲ್ಲ, ಟೇಪ್ ಹಿಡಿದು ಅಳೆದದ್ದು. ಇನ್ನೊಂದು ತೊಡೆಯ ಸುತ್ತಳತೆ, ತಯಾರಕರ ಚಾರ್ಟ್ ಎಲ್ಲಿ ಅಳೆಯಲು ಹೇಳಿದೆಯೋ ಅಲ್ಲೇ. ನಿಂತು, ಸ್ನಾಯು ಸಡಿಲ ಬಿಟ್ಟು ಅಳೆಯಿರಿ. ಎರಡು ಸೈಜ್‌ಗಳ ನಡುವೆ ಬಂದರೆ ದೊಡ್ಡದನ್ನೇ ತೆಗೆದುಕೊಳ್ಳಿ. ವೆಲ್ಕ್ರೋ ಕನಿಷ್ಠ 5 ಸೆಂ.ಮೀ. ಒಂದರ ಮೇಲೊಂದು ಕೂರಬೇಕು. ಅದಕ್ಕಿಂತ ಕಡಿಮೆಯಾದರೆ ಕುಳಿತೇಳುವಾಗ ಬಿಟ್ಟುಕೊಳ್ಳುತ್ತದೆ.

ನಿಯೋಪ್ರೀನ್ (ಒಂದು ಬಗೆಯ ಕೃತಕ ರಬ್ಬರ್) ಪಟ್ಟಿ ಬೆಚ್ಚಗಿರುತ್ತದೆ, ಹಿಡಿತ ಚೆನ್ನ, ಆದರೆ ಬೆವರನ್ನು ಹೊರಬಿಡದು. ಸೆಕೆಯಲ್ಲಿ, ಗಂಟೆಗಟ್ಟಲೆ ಹಾಕುವವರಿಗೆ ಗಾಳಿಯಾಡುವ ಹೆಣಿಗೆ ಬಟ್ಟೆಯದೇ ಮೇಲು. ನಿಯೋಪ್ರೀನ್ ತಯಾರಿಕೆಯಲ್ಲಿ ಬಳಸುವ ರಾಸಾಯನಿಕಗಳು ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ. ಪಟ್ಟಿಯ ಆಕಾರದಲ್ಲೇ ತುರಿಕೆ, ಕೆಂಪು ಗುಳ್ಳೆ ಎದ್ದರೆ ಅದು ಬೆವರುಸಾಲೆಯಲ್ಲದೆ ಅಲರ್ಜಿಯೂ ಆಗಿರಬಹುದು. ಬಟ್ಟೆ ಬದಲಿಸದೆ ಅಲರ್ಜಿ ಹೋಗದು.

ಎಲಾಸ್ಟಿಕ್ ಬ್ಯಾಂಡೇಜಿನಿಂದ ತೊಡೆಸಂದಿಗೆ ಕಟ್ಟುವ ಕ್ರಮ

ಬೇಕಾದ್ದು 15 ಸೆಂ.ಮೀ. ಅಗಲ, ಸುಮಾರು 10 ಮೀಟರ್ ಉದ್ದದ ಎಲಾಸ್ಟಿಕ್ ಬ್ಯಾಂಡೇಜ್, ಅಂಟಿಸಲು ಟೇಪ್. ಪಾದಕ್ಕೆ ಬಳಸುವ 4 ಮೀಟರಿನ ಸುರುಳಿ ಸಾಲದು. ನಡು 90, ತೊಡೆ 55 ಸೆಂ.ಮೀ. ಇದ್ದವರಿಗೆ 8ರ ಆಕಾರದ ಒಂದು ಸುತ್ತಿಗೇ ಒಂದೂವರೆ ಮೀಟರ್ ಹೋಗುತ್ತದೆ. ಸಣ್ಣ ಸುರುಳಿ ತಂದವರು ಎರಡು ಸುತ್ತಿನಲ್ಲಿ ಮುಗಿಸಲು ಹೋಗಿ ಪೂರ್ತಿ ಎಳೆದು ಬಿಗಿಯುತ್ತಾರೆ, ಅದೇ ಜೋಮಿಗೆ ಕಾರಣವಾಗುತ್ತದೆ.

ಈ ಕ್ರಮ ತೊಡೆಯ ಒಳಭಾಗದ ಸ್ನಾಯು ಎಳೆತಕ್ಕೆ ಹೇಳಿದ್ದು. ತೆಳು ಬಿಗಿ ಒಳಉಡುಪಿನ ಮೇಲೆ ಕಟ್ಟಿ. ಇನ್ನೊಬ್ಬರು ಕಟ್ಟಿದರೆ ಒಳ್ಳೆಯದು.

1. ನೋವಿಲ್ಲದ ಕಾಲ ಮೇಲೆ ಭಾರ ಹಾಕಿ, ಪಕ್ಕದಲ್ಲಿ ಏನನ್ನಾದರೂ ಹಿಡಿದು ನಿಲ್ಲಿ. ನೋವಿನ ಕಾಲಿನ ಮಂಡಿ ತುಸು ಮಡಿಸಿ, ಹೆಬ್ಬೆರಳು ಒಳಕ್ಕೆ ತಿರುಗುವಂತೆ ಇಡಿ.

2. ತೊಡೆಯ ಮೇಲ್ಭಾಗದ ಒಳಬದಿಯಲ್ಲಿ ಬ್ಯಾಂಡೇಜಿನ ತುದಿ ಇಡಿ. ಅಲ್ಲಿಂದ ತೊಡೆಯ ಹಿಂದೆ, ಹೊರಬದಿಗೆ, ಮುಂದಕ್ಕೆ ಬಂದು ತುದಿಯ ಮೇಲೆ ಹಾಯಿಸಿ. ಹಾಗೆ ಎರಡು ಸುತ್ತು. ಇವು ಬೇರು, ಅಂದರೆ ಮುಂದಿನ ಸುತ್ತುಗಳನ್ನು ಹಿಡಿದಿಡುವ ಸುತ್ತು, ಬಿಗಿಯ ಅಗತ್ಯವಿಲ್ಲ.

3. ಮೂರನೇ ಬಾರಿ ಹೊರಬದಿಯಿಂದ ಮುಂದಕ್ಕೆ ಬಂದಾಗ ಕೆಳಹೊಟ್ಟೆಯ ಮೇಲೆ ಓರೆಯಾಗಿ ಏರಿಸಿ, ಎದುರು ಬದಿಯ ಸೊಂಟದ ಮೂಳೆಯ ಏಣಿನ ಮೇಲೆ ಒಯ್ಯಿರಿ. ನಿಜವಾದ ಎಳೆತ ಬರಬೇಕಾದ್ದು ಈ ಓರೆ ಭಾಗದಲ್ಲಿ. ಪೂರ್ತಿ ಎಳೆದರೆ ಎಷ್ಟು ಹಿಗ್ಗುವುದೋ ಅದರ ಅರ್ಧದಷ್ಟು ಸಾಕು.

4. ಬೆನ್ನಿನ ಹಿಂದಿನಿಂದ ನೋವಿನ ಬದಿಗೆ ತನ್ನಿ. ಸೊಂಟದ ಹೊರಬದಿಯಿಂದ ಮುಂದಕ್ಕೆ ಇಳಿಸಿ, ತೊಡೆಯ ಒಳಬದಿಗೆ, ಅಲ್ಲಿಂದ ಹಿಂದಕ್ಕೆ. ತೊಡೆಯ ಮುಂಭಾಗದಲ್ಲಿ ಈಗ ಗುಣಿಸು ಗುರುತು ಬಿದ್ದಿರುತ್ತದೆ.

5. ಇದನ್ನೇ ಮುಂದುವರಿಸಿ. ಪ್ರತಿ ಸುತ್ತೂ ಹಿಂದಿನದರ ಅರ್ಧ ಅಗಲವನ್ನು ಮುಚ್ಚಿ ಮೇಲೇರಲಿ. ತೊಡೆಯ ಒಳಬದಿಯಲ್ಲಿ ಸುಕ್ಕು ಬಿದ್ದರೆ ಅಲ್ಲೇ ಬಿಡಿಸಿ ಸರಿಮಾಡಿ, ಹತ್ತು ಹೆಜ್ಜೆಯಲ್ಲಿ ಅದು ಚರ್ಮ ಕೆರೆಯುತ್ತದೆ.

6. ಕೊನೆಯ ತುದಿಯನ್ನು ನಡುವಿನ ಮುಂಭಾಗದಲ್ಲಿ ಟೇಪಿನಿಂದ ಅಂಟಿಸಿ. ಬ್ಯಾಂಡೇಜಿನ ಜತೆ ಬರುವ ಲೋಹದ ಕೊಕ್ಕೆ ಇಲ್ಲಿ ಬೇಡ, ಕೂತಾಗ ಚುಚ್ಚುತ್ತದೆ.

ಕಟ್ಟಿದ ಕೂಡಲೇ ಕುರ್ಚಿಯಲ್ಲಿ ಕೂತು ಏಳಿ, ಹತ್ತು ಹೆಜ್ಜೆ ನಡೆಯಿರಿ, ಶೌಚಕ್ಕೆ ಬಿಚ್ಚದೆ ಹೋಗಬಹುದೇ ನೋಡಿಕೊಳ್ಳಿ. ನಿಂತಾಗ ಸರಿಯೆನಿಸಿ ಕೂತಾಗ ತೊಡೆಸಂದಿ ಕೊಯ್ಯುವ ಪಟ್ಟಿಯೇ ಹೆಚ್ಚು. ನೋವು ತೊಡೆಯ ಮುಂಭಾಗದ ಮೇಲ್ತುದಿಯಲ್ಲಿದ್ದರೆ, ಅಂದರೆ ಕಾಲೆತ್ತುವ ಸ್ನಾಯುವಿನಲ್ಲಿದ್ದರೆ, ಪಾದವನ್ನು ಚಿಕ್ಕ ಮಣೆಯ ಮೇಲಿಟ್ಟು ಸೊಂಟ ತುಸು ಮಡಿಸಿಕೊಂಡು ಕಟ್ಟಬೇಕು.

ಒಂದು ಅಪಾಯವನ್ನು ಬಿಡಿಸಿ ಹೇಳಬೇಕು. ಸೊಂಟದ ಮೂಳೆಯ ಮುಂತುದಿಯ ಬಳಿ ತೊಡೆಯ ಹೊರಚರ್ಮಕ್ಕೆ ಹೋಗುವ ನರವೊಂದು ಹಾದುಹೋಗುತ್ತದೆ. ನಡುವಿನ ಪಟ್ಟಿ ಅದನ್ನು ಒತ್ತಿದರೆ ತೊಡೆಯ ಹೊರಮೈಯಲ್ಲಿ ಉರಿ, ಜೋಮು, ಇರುವೆ ಹರಿದಂಥ ಅನುಭವ. ಸೊಂಟ ನೋವು ಕಾಲಿಗಿಳಿಯಿತು ಎಂದುಕೊಂಡು ಇನ್ನಷ್ಟು ಬಿಗಿ ಕಟ್ಟುವವರಿದ್ದಾರೆ. ಬಿಚ್ಚಿ, ಆ ತುದಿಯ ಮೇಲೆ ಪಟ್ಟಿಯ ಅಂಚು ಬೀಳದಂತೆ ಮರುಕಟ್ಟಿ. ಬಿಚ್ಚಿಟ್ಟರೂ ಹೋಗದಿದ್ದರೆ ವೈದ್ಯರಿಗೆ ತೋರಿಸಿ.

ಕೀಲು ಸವೆದವರಿಗೆ ಇನ್ನೊಂದು ಮಾತು. ನೋವಿಲ್ಲದ ಬದಿಯ ಕೈಯಲ್ಲಿ ಹಿಡಿದ ಊರುಗೋಲು ನಡೆಯುವಾಗ ಸೊಂಟದ ಕೀಲಿನ ಮೇಲಿನ ಭಾರವನ್ನು ನೇರವಾಗಿ ಇಳಿಸುತ್ತದೆ, ಯಾವ ಪಟ್ಟಿಗೂ ಆ ಶಕ್ತಿಯಿಲ್ಲ. ಕೈ ಇಳಿಬಿಟ್ಟು ನಿಂತಾಗ ಕೋಲಿನ ಹಿಡಿಕೆ ಮಣಿಕಟ್ಟಿನ ಗೆರೆಗೆ ಬರಬೇಕು. ನೋವಿನ ಕಾಲಿನ ಜತೆಗೇ ಕೋಲು ಮುಂದಿಡಬೇಕು. ನಾಚಿಕೆಯಿಂದ ಕೋಲು ಬಿಟ್ಟು ಪಟ್ಟಿಯೊಂದನ್ನೇ ನಂಬಿದರೆ ನಷ್ಟ ಕೀಲಿಗೆ.

ಭುಜಕ್ಕೆ

ಭುಜದಲ್ಲಿ ಮೊದಲ ಪ್ರಶ್ನೆ ಬೇರೆ: ತೋಳನ್ನು ನೀವೇ ಎತ್ತಲಾಗದಿದ್ದಾಗ, ಇನ್ನೊಬ್ಬರು ಎತ್ತಿದರೆ ಮೇಲೇಳುತ್ತದೆಯೇ? ಅವರು ಎತ್ತಿದರೂ ಅದೇ ಜಾಗಕ್ಕೆ ಬಂದು ಗಟ್ಟಿಯಾಗಿ ನಿಂತರೆ, ತೋಳನ್ನು ಹೊರಕ್ಕೆ ತಿರುಗಿಸಲೂ ಆಗದಿದ್ದರೆ, ಅದು ಹೆಪ್ಪುಗಟ್ಟಿದ ಭುಜ (ಫ್ರೋಜನ್ ಶೋಲ್ಡರ್) ಇರಬಹುದು. 40ರಿಂದ 60 ವರ್ಷದವರಲ್ಲಿ, ಅದರಲ್ಲೂ ಮಧುಮೇಹಿಗಳಲ್ಲಿ ಹೆಚ್ಚು ಕಾಣುತ್ತದೆ. ಇವರು ಭುಜವನ್ನು ಕಟ್ಟಿ ನಿಲ್ಲಿಸುವ ಪಟ್ಟಿಯಾಗಲಿ ಸ್ಲಿಂಗ್ (ಕೈಯನ್ನು ಕತ್ತಿನಿಂದ ತೂಗಿ ಹಿಡಿಯುವ ಬಟ್ಟೆ) ಆಗಲಿ ಹಾಕಿಕೊಳ್ಳಬಾರದು. ಕೀಲಿನ ಚೀಲ ಮೊದಲೇ ಕುಗ್ಗಿದೆ, ಅಲುಗಾಡದಂತೆ ಕಟ್ಟಿದರೆ ಇನ್ನೂ ಬಿಗಿಯುತ್ತದೆ. ಇವರಿಗೆ ಬೇಕಾದ್ದು ಬಿಸಿಶಾಖ ಕೊಟ್ಟು ಮಾಡಿಸುವ ಮೆದು ಚಲನೆ.

ಇನ್ನೊಬ್ಬರು ಎತ್ತಿದಾಗ ಮೇಲೇಳುವ, ತೋಳು ಹೆಗಲ ಮಟ್ಟ ದಾಟುವಾಗ ಚುಚ್ಚುವ ನೋವು ಭುಜ ತಿರುಗಿಸುವ ಸ್ನಾಯುರಜ್ಜುಗಳದು. ತೋಳಿನ ಮೇಲ್ಭಾಗ ಹಿಡಿದು ಎದೆಗೆ ಅಡ್ಡಲಾಗಿ ಇನ್ನೊಂದು ಕಂಕುಳಿಗೆ ಪಟ್ಟಿ ಹೋಗುವ ಸಿದ್ಧ ಭುಜಪಟ್ಟಿ ಇವರಿಗೆ ಕೆಲಸದ ಹೊತ್ತಿನಲ್ಲಿ ಹಿತ. ಹಾಕುವಾಗ ತೋಳಿನ ಭಾಗವನ್ನು ಮೊದಲು ಸಡಿಲವಾಗಿ ಮುಚ್ಚಿ, ಎದೆಯ ಪಟ್ಟಿ ಸೇರಿಸಿ, ಕೊನೆಗೆ ತೋಳನ್ನು ಬಿಗಿಸಿ. ತೋಳು ಮೊದಲು ಬಿಗಿದರೆ ಎದೆಯ ಪಟ್ಟಿ ಎಳೆದಾಗ ಇಡೀ ಪಟ್ಟಿ ಕತ್ತಿನ ಕಡೆಗೆ ಏರಿ ಕಂಕುಳು ಉಜ್ಜುತ್ತದೆ.

ಬ್ಯಾಂಡೇಜಿನಿಂದ ಕಟ್ಟುವುದಾದರೆ 10ರಿಂದ 15 ಸೆಂ.ಮೀ. ಅಗಲದ ಉದ್ದ ಸುರುಳಿ ತೆಗೆದುಕೊಳ್ಳಿ. ಮೊದಲು ಎರಡೂ ಕಂಕುಳಿಗೆ ಹತ್ತಿಯ ಅಥವಾ ಗಾಜ್ ಬಟ್ಟೆಯ ಮೆತ್ತೆ ಇಡಿ. ಕಂಕುಳಿನಲ್ಲಿ ರಕ್ತನಾಳ, ನರ ಎರಡೂ ಚರ್ಮದ ಹತ್ತಿರವೇ ಇವೆ, ಈ ಹಂತ ಬಿಡುವಂತಿಲ್ಲ. ನೋವಿನ ಬದಿಯ ಕೈಯನ್ನು ಸೊಂಟದ ಮೇಲಿಟ್ಟು ನಿಲ್ಲಿ. ತೋಳಿನ ಮೇಲ್ಭಾಗಕ್ಕೆ ಒಂದು ಬೇರು ಸುತ್ತು ಹಾಕಿ, ಬೆನ್ನಿನ ಮೇಲೆ ಹಾಯಿಸಿ ಇನ್ನೊಂದು ಕಂಕುಳಿನ ಅಡಿಯಿಂದ ಮುಂದಕ್ಕೆ ತನ್ನಿ. ಎದೆ ದಾಟಿ ನೋವಿನ ಭುಜದ ಮೇಲೆ ಹೊರಬದಿಗೆ ಬಂದು, ತೋಳನ್ನು ಮತ್ತೆ ಸುತ್ತಿ ಬೆನ್ನಿಗೆ ಹೋಗಲಿ. ಅರ್ಧರ್ಧ ಮುಚ್ಚುತ್ತ ಮೇಲೇರಿ ಮೂರ್ನಾಲ್ಕು ಸುತ್ತು ಸಾಕು. ಎದೆಯ ಭಾಗ ಸುತ್ತುವಾಗ ಆಳವಾಗಿ ಉಸಿರು ಎಳೆದು ಹಿಡಿಯಿರಿ. ಇಲ್ಲದಿದ್ದರೆ ಪಟ್ಟಿ ನಿಂತಮೇಲೆ ಉಸಿರಾಟಕ್ಕೇ ಅಡ್ಡಿ. ಒಮ್ಮೆ ಜಾರಿದ ಭುಜಕ್ಕೆ ಸುತ್ತಿನ ದಿಕ್ಕು ಬಹಳ ಮುಖ್ಯ, ತಪ್ಪು ದಿಕ್ಕಿನ ಎಳೆತ ತೋಳನ್ನು ಹೊರಕ್ಕೆ ತಿರುಗಿಸುತ್ತದೆ. ಅಂಥವರು ಫಿಸಿಯೋಥೆರಪಿಸ್ಟ್ ಕೈಯಲ್ಲೇ ಒಮ್ಮೆ ಕಟ್ಟಿಸಿಕೊಂಡು ಕಲಿಯಬೇಕು.

ಪೆಟ್ಟಿನ ನಂತರ ವೈದ್ಯರು ಸ್ಲಿಂಗ್ ಹೇಳಿದ್ದರೆ ಮೊಣಕೈ 90 ಡಿಗ್ರಿ ಮಡಿಸಿರಲಿ, ಕೈ ಮೊಣಕೈಗಿಂತ ತುಸು ಮೇಲಿರಲಿ, ಬಟ್ಟೆ ಮಣಿಕಟ್ಟನ್ನೂ ಹೊರಲಿ. ಮಣಿಕಟ್ಟು ಹೊರಗೆ ಜೋತುಬಿದ್ದರೆ ಬೆರಳು ಊದುತ್ತವೆ. ಗಂಟು ಕತ್ತಿನ ಹಿಂಬದಿಯ ಮೂಳೆಯ ಮೇಲೆ ಬೇಡ, ಪಕ್ಕಕ್ಕಿರಲಿ. ಬೆರಳು, ಮಣಿಕಟ್ಟುಗಳನ್ನು ಗಂಟೆಗೊಮ್ಮೆ ಆಡಿಸಿ. ಮೊಣಕೈ ಚಾಚಲು ಅನುಮತಿ ಇದೆಯೇ ಕೇಳಿಕೊಳ್ಳಿ.

ಎಷ್ಟು ಬಿಗಿ, ಎಷ್ಟು ಹೊತ್ತು

ಪಟ್ಟಿಯ ಅಡಿ ಎರಡು ಬೆರಳು ತೂರಬೇಕು. ಕಟ್ಟಿದ ಹತ್ತು ನಿಮಿಷದ ಮೇಲೆ ಆ ಕೈ ಅಥವಾ ಕಾಲಿನ ಉಗುರನ್ನು ಒತ್ತಿ ಬಿಡಿ. ಬಿಳಿಚಿದ ಉಗುರು ಎರಡು ಸೆಕೆಂಡಿನಲ್ಲಿ ಮತ್ತೆ ಗುಲಾಬಿಯಾಗಬೇಕು. ಬೆರಳು ತಣ್ಣಗಾಗುವುದು, ನೀಲಿಯಾಗುವುದು, ಜೋಮು ಹಿಡಿಯುವುದು, ಪಟ್ಟಿಯ ಕೆಳಗೆ ಊತ ಬರುವುದು, ಇವುಗಳಲ್ಲಿ ಒಂದು ಕಂಡರೂ ತಕ್ಷಣ ಬಿಚ್ಚಿ. ಕಾಲಿನ ಮೀನಖಂಡ ಊದಿ ನೋಯತೊಡಗಿದರೆ ಬಿಚ್ಚುವುದಷ್ಟೇ ಸಾಲದು, ಅದೇ ದಿನ ವೈದ್ಯರನ್ನು ನೋಡಬೇಕು.

ಮೊದಲ ದಿನ 20ರಿಂದ 30 ನಿಮಿಷ ಮಾತ್ರ ಹಾಕಿ ಚರ್ಮ ನೋಡಿ. ಬಿಚ್ಚಿದ ಅರ್ಧ ಗಂಟೆಯಲ್ಲಿ ಹೋಗುವ ಕೆಂಪು ಗುರುತು ಸಹಜ, ಅದಕ್ಕಿಂತ ಹೆಚ್ಚು ನಿಂತರೆ ಬಿಗಿ ಜಾಸ್ತಿ. ಆಮೇಲೆ ಒಂದೆರಡು ಗಂಟೆ. ನೋವು ತರುವ ಕೆಲಸಕ್ಕೆ ಮುಂಚೆ ಹಾಕಿ, ಕೆಲಸ ಮುಗಿದ ಮೇಲೆ ಬಿಚ್ಚಿ. ವೈದ್ಯರು ಹೇಳದಿದ್ದರೆ ರಾತ್ರಿ ಬೇಡ. ನಿದ್ದೆಯಲ್ಲಿ ಜೋಮು ಗೊತ್ತಾಗದು.

ಮುಲಾಮು ಹಚ್ಚಿದ ಜಾಗದ ಮೇಲೆ ಪಟ್ಟಿ ಕಟ್ಟಬೇಡಿ. ಮೆಂಥಾಲ್, ಮಿಥೈಲ್ ಸ್ಯಾಲಿಸಿಲೇಟ್ ಇರುವ ನೋವಿನ ಮುಲಾಮುಗಳಿಂದ ಚರ್ಮ ಸುಟ್ಟ ಪ್ರಕರಣಗಳ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2012ರಲ್ಲೇ ಎಚ್ಚರಿಸಿದೆ. ಬಿಗಿ ಪಟ್ಟಿ, ಬಿಸಿಶಾಖ ಎರಡೂ ಈ ಅಪಾಯವನ್ನು ಹೆಚ್ಚಿಸುತ್ತವೆ. ಪಟ್ಟಿಯೊಳಗೆ ಐಸ್ ಪ್ಯಾಕ್ ಇಡುವುದಾದರೆ ನಡುವೆ ತೆಳು ಬಟ್ಟೆ ಇರಲಿ, 15 ನಿಮಿಷ ಮೀರದಿರಲಿ. ಬಿಸಿ ಪ್ಯಾಕ್ ಇಟ್ಟುಕೊಂಡು ಮಲಗಬೇಡಿ.

ಪಟ್ಟಿಯ ಜತೆಗೆ ಮಾಡಬೇಕಾದ್ದು

ಸೊಂಟದ ಹೊರಬದಿ ನೋವಿಗೆ: ಅಂಗಾತ ಮಲಗಿ ಮಂಡಿ ಮಡಿಸಿ, ಎರಡೂ ತೊಡೆಗಳ ಸುತ್ತ, ಮಂಡಿಯ ಮೇಲ್ಭಾಗಕ್ಕೆ ಹಿಗ್ಗದ ಬೆಲ್ಟೊಂದನ್ನು ಕಟ್ಟಿ. ಮಂಡಿಗಳನ್ನು ಹೊರಕ್ಕೆ ಮೆಲ್ಲಗೆ ತಳ್ಳಿ 30 ಸೆಕೆಂಡು ಹಿಡಿಯಿರಿ. ಹೀಗೆ ಐದು ಬಾರಿ. ಮಂಡಿ ಅಲುಗಬೇಕಿಲ್ಲ, ಪೃಷ್ಠದ ಸ್ನಾಯು ಗಟ್ಟಿಯಾದರೆ ಸಾಕು. ಭುಜಕ್ಕೆ: ಚೆನ್ನಾಗಿರುವ ಕೈಯನ್ನು ಮೇಜಿಗೂರಿ ಮುಂದೆ ಬಾಗಿ, ನೋವಿನ ತೋಳನ್ನು ಪೂರ್ತಿ ಸಡಿಲ ಬಿಟ್ಟು, ಮೈಯನ್ನು ತೂಗಿ ಅದು ತಾನೇ ತೂಗಾಡುವಂತೆ ಒಂದೆರಡು ನಿಮಿಷ, ದಿನಕ್ಕೆ ಮೂರು ಸಲ. ಎರಡನ್ನೂ ಪಟ್ಟಿ ಬಿಚ್ಚಿಯೇ ಮಾಡಿ. ಮಾಡುವಾಗ ತುಸು ನೋವಿದ್ದರೆ ಅಡ್ಡಿಯಿಲ್ಲ. ಮರುದಿನ ಬೆಳಿಗ್ಗೆ ನೋವು ಹೆಚ್ಚಿದ್ದರೆ ಮಾಡಿದ್ದು ಹೆಚ್ಚಾಯಿತು ಎಂದರ್ಥ.

ನೋವು ಇಳಿಯುತ್ತ ಬಂದಂತೆ ಮೊದಲು ಮನೆಯೊಳಗೆ ಪಟ್ಟಿ ಬಿಡಿ, ಆಮೇಲೆ ಸಣ್ಣ ನಡಿಗೆಗೆ, ಕೊನೆಗೆ ಭಾರದ ಕೆಲಸಕ್ಕೆ. ಎರಡು ಮೂರು ವಾರ ಸರಿಯಾಗಿ ಬಳಸಿಯೂ ಏನೂ ಬದಲಾಗದಿದ್ದರೆ ಇನ್ನೊಂದು ಪಟ್ಟಿ ಕೊಳ್ಳಬೇಡಿ, ನೋವಿನ ಕಾರಣವನ್ನೇ ಮತ್ತೆ ಪರೀಕ್ಷಿಸಿಕೊಳ್ಳಿ.

ಒಗೆಯುವಾಗ ವೆಲ್ಕ್ರೋ ಮುಚ್ಚಿ, ತಣ್ಣೀರು, ಮೆದು ಸೋಪಿನಲ್ಲಿ ಕೈಯಿಂದಲೇ ಒಗೆದು, ಹಿಂಡದೆ ಟವೆಲಿನಲ್ಲಿ ಒತ್ತಿ ನೆರಳಲ್ಲಿ ಒಣಗಿಸಿ. ಬ್ಲೀಚ್, ಇಸ್ತ್ರಿ ಎರಡೂ ಎಲಾಸ್ಟಿಕ್‌ಗೆ ಶತ್ರು. ವೆಲ್ಕ್ರೋ ಹಿಡಿಯದಿದ್ದರೆ ಪಟ್ಟಿ ಹಾಳಾಯಿತೆಂದು ಎಸೆಯಬೇಡಿ, ಕೊಕ್ಕೆಗಳಲ್ಲಿ ಸಿಕ್ಕಿದ ನೂಲು ಕೂದಲನ್ನು ಹಳೆಯ ಟೂತ್‌ಬ್ರಷ್‌ನಿಂದ ತೆಗೆದರೆ ಮತ್ತೆ ಹಿಡಿಯುತ್ತದೆ. ಎಲಾಸ್ಟಿಕ್ ಸತ್ತರೆ ಮಾತ್ರ ಉಪಾಯವಿಲ್ಲ. ಹೊಸತರಲ್ಲಿ ಹಾಕುತ್ತಿದ್ದ ಗುರುತಿಗಿಂತ ಮೂರು ನಾಲ್ಕು ಸೆಂ.ಮೀ. ಹೆಚ್ಚು ಎಳೆದರೂ ಸಡಿಲವೆನಿಸಿದಾಗ ಬದಲಿಸಿ.